ಮೇಷ್ಟ್ರ ನಕ್ಷೆಗೆ ಮೂರು ಜೆರಾಕ್ಸ್

ಕಾನೂನು ಗೀನೂನು ಏನೂ ಅಡ್ಡ ಬಂದಿರಲಿಲ್ಲ. ಆ ಮೇಷ್ಟ್ರಿಗೆ ತಮ್ಮ ನಕ್ಷೆಯಲ್ಲಿ ತಪ್ಪಿದೆ ಎಂದು ಗೊತ್ತಿತ್ತು. ಆ ತಪ್ಪನ್ನು ಯಾರೋ ಕಚೇರಿಯ ಮೇಜಿನ ಮೇಲೆ ಹರಡುವುದು ಅವರಿಗೆ ಬೇಡವಾಗಿತ್ತು. ಅದಕ್ಕೆ ನಕಲು ಮಾಡಬಾರದು ಎಂಬ ಮಾತನ್ನು ಮುಂದಿಟ್ಟುಕೊಂಡು ಅದರ ಹಿಂದೆ ಅಡಗಿ ಕೂತರು. ನಡೆದದ್ದು ಇಷ್ಟೇ. ಇಷ್ಟನ್ನು ತಿಳಿಯಲು ನಾನು ಸಾಗರಕ್ಕೆ ಎರಡು ಸಲ, ತೀರ್ಥಹಳ್ಳಿಗೆ ಒಂದು ಸಲ, ಹೊಸನಗರಕ್ಕೆ ಎಷ್ಟು ಸಲವೋ ಬಸ್ಸು ಹತ್ತಿ ಇಳಿದೆ. ನನ್ನ ಮಂಡಿ ಸವೆಯಿತು. ಅವರ ಮರ್ಯಾದೆ ಇನ್ನೂ ಇಸ್ತ್ರಿ ಹಾಕಿದ ಹಾಗೇ ಇದೆ.

ನಮ್ಮದು ರಿಪ್ಪನ್‌ಪೇಟೆಯಿಂದ ಒಳಗೆ ನಾಲ್ಕೇ ಮನೆಗಳ ಊರು. ಮನೆಗಳಿಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಮಳೆಗಾಲಕ್ಕೆ ಆ ಹಳ್ಳದ ಮೇಲೆ ಸಂಕ ಹಾಕುತ್ತೇವೆ. ಬೈನೆ ಮರದ ನಾಲ್ಕು ಸೀಳನ್ನು ಈ ದಡದಿಂದ ಆ ದಡಕ್ಕೆ ಮಲಗಿಸಿ, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟಿದರೆ ಅದೇ ನಮ್ಮ ಸೇತುವೆ. ಸಂಕ ದಾಟಿ ಕಾಲು ಗಂಟೆ ನಡೆದರೆ ಬಸ್ಸು ಸಿಗುತ್ತದೆ. ಆಚೆ ದಡದ ಜಾಗವನ್ನು ಹೊರಗಿನವನೊಬ್ಬ ತೆಗೆದುಕೊಂಡು ಹೋಂಸ್ಟೇ ಕಟ್ಟಿದ. ಈ ವರ್ಷ ಸಂಕ್ರಾಂತಿ ಕಳೆಯುತ್ತಲೇ ದಡದ ಉದ್ದಕ್ಕೂ ತಂತಿಬೇಲಿ ಎಳೆಸಿದ. ಸಂಕದ ಆ ತುದಿ ಊರುವ ಜಾಗ ಬೇಲಿಯೊಳಗೆ ಹೋಯಿತು.

ಕೇಳಲು ಹೋದೆ. ಮನುಷ್ಯ ಬಹಳ ವಿನಯದವನು. ಎರಡೂ ಕೈ ಮುಗಿದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಮ್ಮ ಗೆಸ್ಟ್‌ಗಳಿಗೆ ಪ್ರೈವಸಿ ಬೇಕಾಗುತ್ತೆ."

"ನಾವೆಂತ ಅವರು ಸ್ನಾನ ಮಾಡೋದು ನೋಡಕ್ಕೆ ಬರ್ತೀವಾ? ನಮ್ಮಷ್ಟಕ್ಕೆ ನಾವು ಬಸ್ಸಿಗೆ ಹೋಗ್ತೀವಿ."

"ಬೇರೆ ದಾರಿ ಇದೆಯಲ್ಲಮ್ಮಾ."

ಬೇರೆ ದಾರಿ ಇದೆ. ಗುಡ್ಡ ಹತ್ತಿ, ಸುತ್ತಿ, ಕಾಡಿನೊಳಗೆ ಹಾದು ರಸ್ತೆಗೆ ಇಳಿಯಲು ಎರಡು ಗಂಟೆ. ಆಷಾಢದ ಮಳೆಯಲ್ಲಿ ಅದು ದಾರಿಯಲ್ಲ, ಜಿಗಣೆಗಳಿಗೆ ಮಾಡಿದ ಉಪಕಾರ. ನಮ್ಮಂಥ ಮುದುಕಿಯರು ನಾಲ್ಕು ತಿಂಗಳು ಮನೆಯಲ್ಲೇ ಕೂತರೆ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಮೊಮ್ಮಗಳು ರಿಪ್ಪನ್‌ಪೇಟೆಯಲ್ಲಿ ಪಿಯುಸಿ ಓದುತ್ತಾಳೆ. ಜೂನ್‌ಗೆ ಎರಡನೇ ವರ್ಷ. ಬೆಳಿಗ್ಗೆ ಏಳೂವರೆಯ ಬಸ್ಸು ತಪ್ಪಿದರೆ ಅವಳ ಕಾಲೇಜು ಅವತ್ತಿಗೆ ಮುಗಿಯಿತು. ಸಂಕ ಇಲ್ಲದಿದ್ದರೆ ಕಾಲೇಜೂ ಇಲ್ಲ.

ನನ್ನ ಮಗನಿಗೆ, ಅಂದರೆ ಅವಳ ಅಪ್ಪನಿಗೆ, ಇದರಿಂದ ಒಂದು ಬಗೆಯ ಸಮಾಧಾನವೇ ಆಯಿತು.

"ಒಂದು ವರ್ಷ ಬಿಟ್ರೆ ಎಂತ ಆಗ್ತದೆ? ಮನೇಲೇ ಹೊಲಿಗೆ ಕಲೀಲಿ."

"ನೀ ಹತ್ತನೇ ಕ್ಲಾಸಿಗೆ ಎರಡು ಸಲ ಡುಮ್ಕಿ ಹೊಡ್ದು ಬಿಟ್ಟವ. ಬಿಟ್ರೆ ಎಂತ ಆಗ್ತದೆ ಅಂತ ನಿನ್ನ ನೋಡಿದ್ರೇ ಗೊತ್ತಾಗ್ತದೆ," ಎಂದೆ.

ಅವನು ಎದ್ದು ಹೊರಗೆ ಹೋದ. ಮಾತು ಮುಗಿಯುವ ಮೊದಲು ಎದ್ದು ಹೋಗುವುದು ಅವನು ಕಲಿತ ಒಂದೇ ವಿದ್ಯೆ. ನಾನೂ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳೇ. ಅದು ಹಳ್ಳದಿಂದಾಗಿ ಅಲ್ಲ, ಹಸು ಕಾಯಲು ಜನ ಬೇಕಿತ್ತು ಎಂದು. ಅದರ ಬಗ್ಗೆ ನನಗೆ ಅಳುವೇನೂ ಇಲ್ಲ. ಆದರೆ ಓದುವ ಮನಸ್ಸಿರುವ ಹುಡುಗಿಯನ್ನು ಯಾರದೋ ಗೆಸ್ಟಿನ ಪ್ರೈವಸಿಗೆ ಬಿಡಿಸುವುದು ನನ್ನಿಂದ ಆಗದ ಮಾತು.

ಹೊಸನಗರಕ್ಕೆ ಹೋಗಿ ಅರ್ಜಿ ಕೊಟ್ಟೆ. ತಹಶೀಲ್ದಾರರ ಮುಂದೆ ವಿಚಾರಣೆಗೆ ದಿನ ಇಟ್ಟರು. ಸರ್ಕಾರದ ಹಳೆಯ ಗ್ರಾಮನಕ್ಷೆಯಲ್ಲಿ ನಮ್ಮ ದಾರಿಯೇ ಇರಲಿಲ್ಲ. ಗುಮಾಸ್ತರು ಹೇಳಿದರು:

"ಇಲ್ಲಿ ದಾರಿ ಇತ್ತು ಅಂತ ತೋರ್ಸೋ ಏನಾದ್ರೂ ಕಾಗದ ತನ್ನಿ ಅಜ್ಜಿ. ಅಸಲು ತೋರ್ಸಿ, ಮೂರು ಪ್ರತಿ ಕೊಡಿ. ಫೈಲಿಗೊಂದು, ಎದುರು ಪಾರ್ಟಿಗೊಂದು, ಸರ್ವೆಯವ್ರಿಗೊಂದು."

ಕಾಗದ ಎಂದಾಗ ನನಗೆ ಮೇಷ್ಟ್ರ ಪುಸ್ತಕ ನೆನಪಾಯಿತು. ಕಬ್ಬಿಣದ ಪೆಟ್ಟಿಗೆಯಲ್ಲಿ ಮದುವೆ ಸೀರೆಯ ಅಡಿಗೆ ಇತ್ತು.

ಈ ಮೇಷ್ಟ್ರು ತೀರ್ಥಹಳ್ಳಿಯವರು, ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವರು. ಆರೇಳು ವರ್ಷದ ಹಿಂದೆ ನಮ್ಮ ಸುತ್ತಿನ ಹಳ್ಳ, ಕಾಲುದಾರಿ, ಕೆರೆ, ಗುಡ್ಡಗಳನ್ನೆಲ್ಲ ಒಂದು ನಕ್ಷೆಯಲ್ಲಿ ಹಿಡಿಯುತ್ತೇನೆ ಎಂದು ಬಂದರು. ನಮ್ಮ ಮನೆಯಲ್ಲಿ ಎಂಟು ದಿನ ಇದ್ದರು. ಆಗ ನಾನು ಅವರಿಗೆ 'ಅಕ್ಕ'. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಮುಂದೆ ನಾನು, ಹಿಂದೆ ಅವರು. "ಅಕ್ಕಾ, ಈ ಹಳ್ಳಕ್ಕೆ ಹೆಸರೆಂತ? ಅಕ್ಕಾ, ಈ ದಾರಿ ಎಲ್ಲಿಗೆ ಹೋಗ್ತದೆ?" ನಾನು ಹೇಳಬೇಕು, ಅವರು ಬರೆಯಬೇಕು. ಎರಡು ಸಲ ದಾರಿ ತಪ್ಪಿ ಕೂಗಿದರು, ಎರಡು ಸಲವೂ ನಾನೇ ಹೋಗಿ ಕರೆತಂದೆ. ಮುಂದಿನ ಆಷಾಢದಲ್ಲಿ ಪುಸ್ತಕ ಅಚ್ಚಾಗಿ ಬಂತು. ಅವರೇ ಬಂದು ಕೊಟ್ಟು ಹೋದರು. ಹಿಂದಿನ ಲಕೋಟೆಯಲ್ಲಿ ಮಡಿಸಿಟ್ಟ ನಕ್ಷೆ, ಬಿಚ್ಚಿದರೆ ನಾಲ್ಕು ಬಾಳೆ ಎಲೆ ಹಾಸಿದಷ್ಟು ದೊಡ್ಡದು. ಮುನ್ನುಡಿಯಲ್ಲಿ ದೇವರಿಗೆ, ಹೆಂಡತಿಗೆ, ಅಚ್ಚು ಹಾಕಿದವರಿಗೆ, ಮತ್ತೆ 'ಸ್ಥಳೀಯರಿಗೆ' ಕೃತಜ್ಞತೆ. ಆ ಸ್ಥಳೀಯರು ನಾನು. ನಕ್ಷೆಯನ್ನು ಬಿಚ್ಚಿ, ದೊಡ್ಡದಿದೆ ಎಂದು ನೋಡಿ, ಮಡಿಸಿ ಪೆಟ್ಟಿಗೆಗೆ ಹಾಕಿದೆ. ನಮ್ಮೂರಿನ ದಾರಿಯನ್ನು ನಾನು ಕಾಗದದಲ್ಲಿ ನೋಡುವುದೇನಿದೆ ಎಂಬ ಅಹಂಕಾರ ನನಗೂ ಇತ್ತು.

ರಿಪ್ಪನ್‌ಪೇಟೆಯ ಜೆರಾಕ್ಸ್ ಅಂಗಡಿಯವನು ಏನನ್ನೂ ಓದದ ಪುಣ್ಯಾತ್ಮ. ಅವನ ಮಿಷನ್ ಸಣ್ಣದು. ನಕ್ಷೆಯನ್ನು ಒಂಬತ್ತು ತುಂಡಾಗಿ ನಕಲು ತೆಗೆದು ಗೋಂದು ಹಚ್ಚಿ ಅಂಟಿಸಿದ. ಅಂಟಿಸಿದ ಮೇಲೆ ನಮ್ಮ ಹಳ್ಳ ಒಂದು ಕಡೆ ಹರಿದು ಬಂದು, ಅರ್ಧ ಬೆರಳು ಬಿಟ್ಟು ಇನ್ನೊಂದು ಕಡೆ ಮುಂದುವರಿಯುತ್ತಿತ್ತು. ಗುಮಾಸ್ತರು ನೋಡಿ, "ಇದು ನಡೆಯಲ್ಲ ಅಜ್ಜಿ. ಒಂದೇ ಹಾಳೆಲಿ ಮಾಡ್ಸಿ. ಸಾಗರದಲ್ಲಿ ದೊಡ್ಡ ಮಿಷನ್ ಇದೆ," ಎಂದರು. ಅದು ನ್ಯಾಯವೇ. ಹಳ್ಳವನ್ನೇ ತುಂಡು ಮಾಡಿದ ಕಾಗದ ಹಿಡಿದು ಯಾರು ಏನು ತೀರ್ಮಾನ ಮಾಡಿಯಾರು?

ಸಾಗರದ ಅಂಗಡಿ ಕನ್ನಡಿ ಬಾಗಿಲಿನದು. ಮಾಲೀಕನಿಗೆ ಕೊರಳಿಗೆ ದಾರದಲ್ಲಿ ಕನ್ನಡಕ. ನಕ್ಷೆ ಬಿಚ್ಚಿದ, ಮೂಲೆಯಲ್ಲಿದ್ದ ಸಣ್ಣ ಅಕ್ಷರ ಓದಿದ, ಮಡಿಸಿದ.

"ಇದು ಆಗಲ್ಲ ಅಜ್ಜಿ."

"ಎಂತಕ್ಕೆ? ಮಿಷನ್ ಹಾಳಾಗಿದ್ಯಾ?"

"ಮಿಷನ್ ಚೆನ್ನಾಗಿದೆ. ಇದಕ್ಕೆ ಕಾಪಿರೈಟ್ ಇದೆ. ನೋಡಿ ಇಲ್ಲಿ."

ಅಕ್ಷರಕ್ಕೊಂದು ಬೆರಳಿಟ್ಟು ಓದಿದೆ. 'ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ. ಲೇಖಕರ ಲಿಖಿತ ಅನುಮತಿಯಿಲ್ಲದೆ ಈ ನಕ್ಷೆಯ ಯಾವುದೇ ಭಾಗವನ್ನು ನಕಲು ಮಾಡತಕ್ಕದ್ದಲ್ಲ.'

"ಇದನ್ನ ಬರೆದವ್ರು ನಮ್ಮನೇಲಿ ಎಂಟು ದಿನ ಉಂಡಿದಾರೆ."

"ಉಂಡಿದ್ದಕ್ಕೆ ಕಾಗದ ಕೊಟ್ಟಿದಾರಾ?"

ಅವನ ಪಕ್ಕದಲ್ಲೇ ಇನ್ನೊಂದು ಮಿಷನ್ ಗರಗರ ಓಡುತ್ತಿತ್ತು. ಇಬ್ಬರು ಕಾಲೇಜು ಹುಡುಗಿಯರು ನಿಂತಿದ್ದರು. ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಕಲಾಗಿ, ಸುರುಳಿ ತಂತಿ ಹಾಕಿಸಿಕೊಳ್ಳಲು ಕಾಯುತ್ತಿತ್ತು.

"ಅದು ಯಾರ ಪುಸ್ತಕ?"

"ಅದು ಬೇರೆ ಅಜ್ಜಿ. ಅದು ಸ್ಟೂಡೆಂಟ್ಸ್‌ದು."

"ಬರೆದವನೂ ಸ್ಟೂಡೆಂಟಾ?"

ಹುಡುಗಿಯರು ನಕ್ಕರು. ಅವನಿಗೆ ಅದು ಹಿಡಿಸಲಿಲ್ಲ. "ಪುಸ್ತಕ ಎಲ್ರೂ ಮಾಡಿಸ್ತಾರೆ. ಮ್ಯಾಪ್ ಅಂದ್ರೆ ಕೋರ್ಟು ಕಚೇರಿ ಅಂತ ಓಡಾಡೋ ಸಾಮಾನು. ನಾಳೆ ನನ್ನ ಹೆಸರು ಬಂದ್ರೆ? ಅವ್ರ ಹತ್ರ ಒಂದು ಚೀಟಿ ತನ್ನಿ, ಎರಡು ನಿಮಿಷದ ಕೆಲಸ."

ಸಾವಿರ ಪುಟ ಕದಿಯುವಾಗ ಮಲಗಿದ್ದ ಧರ್ಮ ಒಂದು ಹಾಳೆಗೆ ಎದ್ದು ಕೂತಿತು. ಅವನ ಕನ್ನಡಿ ಬಾಗಿಲನ್ನು ಜೋರಾಗಿ ಎಳೆದೆ. ಅದು ತಾನಾಗೇ ನಿಧಾನಕ್ಕೆ ಮುಚ್ಚುವ ಬಾಗಿಲು. ಸದ್ದೂ ಆಗಲಿಲ್ಲ.

ಮೂರು ದಿನ ಬಿಟ್ಟು ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ಏನಮ್ಮಾ, ಯಾವೂರು?" ಎಂದರು. ಅಕ್ಕ ಹೋಗಿ ಅಮ್ಮ ಆಗಿದ್ದೆ. ಊರು ಹೇಳಿದ ಮೇಲೆ ಗುರುತು ಹಿಡಿದು, ಕುರ್ಚಿ ಹಾಕಿಸಿ, ಹೆಂಡತಿಯ ಕೈಯಲ್ಲಿ ಕಾಫಿ ಕೊಡಿಸಿದರು. ಹೋಂಸ್ಟೇಯ ಬೇಲಿ, ಮೊಮ್ಮಗಳ ಕಾಲೇಜು, ಮೂರು ಪ್ರತಿ, ಸಾಗರದವನು ಕೇಳಿದ ಚೀಟಿ ಎಲ್ಲ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಅನ್ಯಾಯ, ಅನ್ಯಾಯ ಎಂದು ಎರಡು ಸಲ ಅಂದರು. ಪೆನ್ನು ಎಲ್ಲಿ ಎಂದು ಜೇಬು ಮುಟ್ಟಿ ನೋಡಿಕೊಂಡರು ಕೂಡ.

"ಯಾವ ದಾರಿ ಅಂದಿರಿ?"

"ಸಂಕದ ದಾರಿ ಮೇಷ್ಟ್ರೆ."

ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಬೆರಳು ನಮ್ಮ ಮನೆಯಿಂದ ಹೊರಟು ಹಳ್ಳದವರೆಗೆ ಹೋಗಿ ನಿಂತಿತು. ಆಮೇಲೆ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಜೇಬಿನಿಂದ ಪೆನ್ನು ಹೊರಗೆ ಬರಲೇ ಇಲ್ಲ.

"ನೋಡಿಯಮ್ಮಾ, ಇದು ಸೂಕ್ಷ್ಮದ ವಿಷಯ. ಹೊಲಕ್ಕೆ ಬೇಲಿ ಇದ್ದ ಹಾಗೆ ಬರಹಗಾರನ ಕೆಲಸಕ್ಕೂ ಒಂದು ಬೇಲಿ ಇರ್ತದೆ."

"ಬೇಲಿ ತೆಗ್ಸಕ್ಕೇ ನಾ ಬಂದಿದ್ದು ಮೇಷ್ಟ್ರೆ."

"ಹಾಗಲ್ಲ. ಇವತ್ತು ನಿಮಗೆ ಅನುಮತಿ ಕೊಟ್ರೆ ನಾಳೆ ಇನ್ನೊಬ್ಬರು. ಎಷ್ಟೋ ತಿಂಗಳ ಶ್ರಮ ಇದು. ಎಲ್ಲರೂ ನಕಲು ಮಾಡಿಕೊಂಡು ಹೋದ್ರೆ?"

"ಯಾರು ಹೋಗ್ತಾರೆ? ನಮ್ಮೂರಿನ ಕಾಲುದಾರಿ ನಕಲು ತಗೊಂಡು ಯಾರು ಉದ್ಧಾರ ಆಗ್ತಾರೆ?"

ಒಳಗಿನಿಂದ ಹೆಂಡತಿ, "ಪಾಪ, ಅಷ್ಟು ದೂರದಿಂದ ಬಂದಿದಾರೆ. ಒಂದು ಸಾಲು ಬರ್ದು ಕೊಟ್ರೆ ನಿಮ್ಮ ಕೈ ಸವೆಯಲ್ಲ," ಎಂದರು.

"ನಿಂಗೆ ಕಾನೂನು ಗೊತ್ತಿಲ್ಲ, ಸುಮ್ನಿರು."

"ಹೋಗ್ಲಿ, ಇದೇ ನಕ್ಷೆ ಇನ್ನೂ ಮೂರು ಇದ್ರೆ ಕೊಡಿ," ಎಂದೆ.

"ಪ್ರತಿಗಳು ಮುಗಿದಿವೆ. ಎರಡನೇ ಮುದ್ರಣ ಮಾಡ್ತಿದೀನಿ. ಕೆಲವು ತಿದ್ದುಪಡಿ ಇವೆ. ಅದು ಬಂದ ಮೇಲೆ ನೋಡೋಣ."

ನಕ್ಷೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಮಡಿಸುವಾಗ ಎಷ್ಟು ಅವಸರವೆಂದರೆ ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಕೆ ಬಿತ್ತು. ಕಾಫಿ ಲೋಟ ಕೆಳಗಿಟ್ಟು ಎದ್ದೆ. ಗೇಟಿನವರೆಗೆ ಬಂದು ಬೀಳ್ಕೊಟ್ಟರು, ಮಂಡಿಗೆ ಯಾವ ಎಣ್ಣೆ ಹಚ್ಚಬೇಕೆಂದೂ ಹೇಳಿದರು. ಉಪದೇಶಕ್ಕೆ ಅವರ ಲಿಖಿತ ಅನುಮತಿ ಬೇಕಿರಲಿಲ್ಲ.

ಬಸ್ಸಿನಲ್ಲಿ ನನಗೆ ಬಂದದ್ದು ಸಿಟ್ಟಲ್ಲ, ಅಸಹ್ಯ. ನಾನು ನಡೆದು ತೋರಿಸಿದ ದಾರಿ, ನಾನು ಹೇಳಿದ ಹೆಸರು, ಇವರು ಕಾಗದದಲ್ಲಿ ಎಳೆದ ಮಾತ್ರಕ್ಕೆ ನಾನು ಮುಟ್ಟುವ ಹಾಗಿಲ್ಲ. ಹೋಂಸ್ಟೇಯವನಾದರೂ ತಾನು ತೆಗೆದುಕೊಂಡ ಜಾಗಕ್ಕೆ ಬೇಲಿ ಹಾಕಿದ. ಇವರು ನಮ್ಮ ಮನೆಯಲ್ಲಿ ಉಂಡು ನಮ್ಮ ದಾರಿಗೇ ಹಾಕಿದರು. ಆಗ ನನಗೆ ತಿಳಿದಿದ್ದದ್ದು ಅಷ್ಟೇ. ಜಿಪುಣ ಎಂದುಕೊಂಡಿದ್ದೆ. ಅದಕ್ಕಿಂತ ಕೆಳಗಿನ ಮೆಟ್ಟಿಲು ಇನ್ನೂ ಕಂಡಿರಲಿಲ್ಲ.

ವಿಚಾರಣೆಯ ದಿನ ಮುಂದಕ್ಕೆ ಹಾಕಿ ಎಂದು ಕೇಳಲು ಮರುವಾರ ಹೊಸನಗರಕ್ಕೆ ಹೋದೆ. ಹೊರಗೆ ಟೈಪು ಮಾಡುವವರ ಶೆಡ್ಡಿನಲ್ಲಿ ಒಬ್ಬಳು ವಕೀಲೆ ಕೋಟು ತೋಳಿನ ಮೇಲೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದಳು. ನನ್ನ ಮೊಮ್ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ನಾನು ಟೈಪಿಸ್ಟನ ಹತ್ತಿರ ಗೊಣಗುವುದನ್ನು ಕೇಳಿ ತಾನಾಗೇ ಹತ್ತಿರ ಬಂದಳು.

"ಕೊಡಿ ಅಜ್ಜಿ, ನೋಡ್ತೀನಿ." ಸಣ್ಣ ಅಕ್ಷರ ಓದಿ ನಕ್ಕಳು. "ನೀವು ಇದನ್ನ ಅಚ್ಚು ಹಾಕ್ಸಿ ಮಾರ್ತೀರಾ?"

"ಯಾರು ತಗೊಳ್ತಾರೆ ಮಗಾ?"

"ಹಂಗಾದ್ರೆ ಕೇಳಿ. ವಿಚಾರಣೆಲಿ ಹಾಜರು ಮಾಡಕ್ಕೆ ಅಂತ ನಕಲು ತೆಗೆದ್ರೆ ಅದು ಕಾಪಿರೈಟ್ ಮುರಿದ ಹಾಗಲ್ಲ. ಕಾಯ್ದೆಲೇ ಅದನ್ನ ಬಿಟ್ಟಿದಾರೆ. ಅವ್ರ ಚೀಟಿ ಬೇಕಾಗಿಲ್ಲ."

"ಯಾವ ಭಾಗವನ್ನೂ ಮಾಡಬಾರದು ಅಂತ ಅಚ್ಚು ಹಾಕಿದಾರಲ್ಲ?"

"ಅವ್ರು ಅಚ್ಚು ಹಾಕಿದ ಮಾತ್ರಕ್ಕೆ ಕಾಯ್ದೆ ಬದಲಾಗತ್ತಾ? ಮತ್ತೆ ಅವ್ರ ಹಕ್ಕು ಇರೋದು ಅವ್ರು ಎಳೆದ ಚಿತ್ರದ ಮೇಲೆ. ನಿಮ್ಮ ಹಳ್ಳ, ನಿಮ್ಮ ದಾರಿ, ಅದರ ಹೆಸರು, ಅವು ಯಾವ್ದೂ ಅವ್ರದ್ದಲ್ಲ."

ಟೈಪಿಸ್ಟನ ಹತ್ತಿರ ಹಾಳೆ ತೆಗೆದುಕೊಂಡು, ಈ ನಕಲು ವಿಚಾರಣೆಗೆ ಹಾಜರುಪಡಿಸಲು ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟಳು. ಇಡೀ ಈ ಓಡಾಟದಲ್ಲಿ ನಾನು ಬಯ್ಯಲು ಏನೂ ಸಿಗದವಳು ಅವಳೊಬ್ಬಳೇ. ಚಹಾ ಆರಿಹೋಗಿತ್ತು, ಆರಿದ್ದನ್ನೇ ಕುಡಿದಳು. ವಿಚಾರಣೆಯನ್ನು ಮುಂದೆ ಹಾಕಿಸಬೇಡಿ, ಮಳೆ ಬಂದುಬಿಡತ್ತೆ ಎಂದೂ ಹೇಳಿದಳು. ಅದೂ ಸರಿಯಾದ ಮಾತು.

ಮಾರನೇ ದಿನ ಮತ್ತೆ ಸಾಗರ. ಕನ್ನಡಕದವನು ವಕೀಲೆಯ ಕಾಗದವನ್ನು ಎರಡು ಸಲ ಓದಿದ. ನಕ್ಷೆಯನ್ನು ದೊಡ್ಡ ಮಿಷನ್ನಿಗೆ ಕೊಟ್ಟು ಮೂರು ಪ್ರತಿ ತೆಗೆದ. ಆಮೇಲೆ ವಕೀಲೆಯ ಕಾಗದಕ್ಕೂ ಒಂದು ಜೆರಾಕ್ಸ್ ತೆಗೆದು ತನ್ನ ಡ್ರಾಯರಿನಲ್ಲಿಟ್ಟ.

"ಅದಕ್ಕೆ ಕಾಪಿರೈಟ್ ಇಲ್ವಾ?" ಎಂದೆ.

ಅವನು ನಗಲಿಲ್ಲ. ನಗುವುದಕ್ಕೂ ಯಾರದಾದರೂ ಚೀಟಿ ಬೇಕಿತ್ತೇನೋ.

ಸಂಜೆ ಮನೆಗೆ ಬಂದು, ಕಾಲು ತೊಳೆದು, ಒಂದು ಪ್ರತಿಯನ್ನು ಜಗಲಿಯಲ್ಲಿ ಹಾಸಿದೆ. ಸೊಸೆ, ಮೊಮ್ಮಗಳು ಬಂದು ಕೂತರು. ಮಗ ಬಾಗಿಲಿಗೆ ಒರಗಿ ನಿಂತ. ಮೊಮ್ಮಗಳು ನಮ್ಮ ಮನೆಯನ್ನು ಹುಡುಕಿದಳು, ಸಿಕ್ಕಿತು. ಅಲ್ಲಿಂದ ಚುಕ್ಕಿ ಗೆರೆಯ ಮೇಲೆ ಬೆರಳು ಎಳೆಯುತ್ತ ಹೋದಳು.

"ಅಜ್ಜಿ, ಸಂಕ ಎಲ್ಲಿ?"

"ಹಳ್ಳದ ಮೇಲೆ ಇರ್ತದೆ. ಸರಿ ನೋಡು."

"ಹಳ್ಳ ಇದೆ. ಸಂಕ ಇಲ್ಲ. ದಾರಿ ಕೆಳಗೆ ಹೋಗಿ ಗದ್ದೆ ಮೇಲೆ ಹಾದು ಬಂಡೆ ಹತ್ರ ದಾಟ್ತದೆ. ಇದು ಬೇಸಿಗೆ ದಾರಿ."

ಬಗ್ಗಿ ನೋಡಿದೆ. ಹೌದು. ಕೊಯ್ಲು ಮುಗಿದ ಮೇಲೆ ಗದ್ದೆ ಒಣಗಿರುತ್ತದೆ, ಹಳ್ಳದಲ್ಲಿ ಕಲ್ಲು ಎದ್ದಿರುತ್ತದೆ. ಆಗ ನಾವೆಲ್ಲ ಗದ್ದೆಯ ಮೇಲೇ ನೆಟ್ಟಗೆ ನಡೆದು, ಈಗಿನ ಬೇಲಿ ಮುಗಿಯುವಲ್ಲಿಂದ ಕೆಳಗೆ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತೇವೆ. ಸಂಕ ಆಗ ಇರುವುದೇ ಇಲ್ಲ. ದೀಪಾವಳಿ ಕಳೆದು ನೀರು ಇಳಿದರೆ ನಾಲ್ಕೂ ಮನೆಯವರು ಸೇರಿ ಸಂಕ ಬಿಚ್ಚುತ್ತೇವೆ. ಬಿಟ್ಟರೆ ಬಿಸಿಲಿಗೆ ಸೀಳುತ್ತದೆ, ಗೆದ್ದಲು ಹತ್ತುತ್ತದೆ. ಮನೆಗೊಂದರಂತೆ ನಾಲ್ಕು ಮರ, ಮನೆಮನೆಯ ಕಚ್ಚು ಗುರುತು ಹಾಕಿ, ದಡದ ಮತ್ತಿಮರದ ಕೆಳಗೆ ಕಲ್ಲಿನ ಮೇಲೆ ಎತ್ತಿಡುತ್ತೇವೆ. ಮೃಗಶಿರ ಮಳೆಗೆ ಮೊದಲು ಮತ್ತೆ ಹಾಕುತ್ತೇವೆ. ಮೇಷ್ಟ್ರು ಬಂದದ್ದು ಶಿವರಾತ್ರಿ ಕಳೆದ ಮೇಲೆ. ಒಣ ಗದ್ದೆಯ ಮೇಲೆ ಅವರನ್ನು ಕರೆದುಕೊಂಡು ಹೋದವಳು ನಾನೇ. "ಅಕ್ಕಾ, ಇದೇನಾ ದಾರಿ?" ಎಂದು ಕೇಳಿದ್ದರು. "ಇದೇ" ಎಂದಿದ್ದೆ. ಬಿಸಿಲಿನಲ್ಲಿ ನಿಂತವಳಿಗೆ ಮಳೆಗಾಲದ ದಾರಿ ನೆನಪಾಗಲಿಲ್ಲ. ಪೆದ್ದುತನದಲ್ಲಿ ನನ್ನ ಪಾಲೂ ಇದೆ, ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಆದರೆ ಪುಸ್ತಕ ಕೊಡಲು ಆಷಾಢದಲ್ಲಿ ಬಂದರಲ್ಲ, ಆಗ ಅವರು ಯಾವ ದಾರಿಯಲ್ಲಿ ಬಂದರು? ಸಂಕದ ಮೇಲೆ. ಕೆಳಗೆ ಹಳ್ಳ ಕೆಂಪಗೆ ತುಂಬಿ ಹೋಗುತ್ತಿತ್ತು. ಚಪ್ಪಲಿ ಒಂದು ಕೈಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ಕಂಕುಳಲ್ಲಿ. ನಡುವೆ ಬಿದಿರನ್ನು ಅಪ್ಪಿ ನಿಂತುಬಿಟ್ಟರು. ನಮ್ಮ ಮನೆಯವರು ಆಗ ಬದುಕಿದ್ದರು, ಅವರೇ ಹೋಗಿ ಮೊಣಕೈ ಹಿಡಿದು ಈಚೆ ದಾಟಿಸಿದರು. ತನ್ನ ನಕ್ಷೆಯಲ್ಲಿ ಇಲ್ಲದ ದಾರಿಯ ಮೇಲೆ ತನ್ನದೇ ನಕ್ಷೆ ಹೊತ್ತು ಬಂದ ಮನುಷ್ಯ. ಬಂದು, ಚಹಾ ಕುಡಿದು, ಪುಸ್ತಕ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಇಲ್ಲೊಂದು ದಾರಿ ಬಿಟ್ಟುಹೋಗಿದೆ ಅಕ್ಕಾ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಈಗ ಎರಡನೇ ಮುದ್ರಣದಲ್ಲಿ ತಿದ್ದುತ್ತಾರಂತೆ, ಯಾರಿಗೂ ಗೊತ್ತಾಗದ ಹಾಗೆ. ತೀರ್ಥಹಳ್ಳಿಯ ಜಗಲಿಯಲ್ಲಿ ಬೆರಳು ಯಾಕೆ ನಿಂತಿತು, ಪೆನ್ನು ಯಾಕೆ ಜೇಬಿನಲ್ಲೇ ಉಳಿಯಿತು ಎಂದು ಆಗ ಅರ್ಥವಾಯಿತು. 'ಅಕ್ಕಾ, ನಕ್ಷೆ ತಪ್ಪಿದೆ, ಇದನ್ನು ಕೊಡಬೇಡಿ, ಸೋಲ್ತೀರಿ' ಎಂದಿದ್ದರೆ ನಾನು ಅವರ ಕಾಲು ಮುಟ್ಟಿ ಬರುತ್ತಿದ್ದೆ. ಅಷ್ಟು ಹೇಳುವ ಬದಲು ಕಾನೂನು ಹೇಳಿದರು. ಅದನ್ನೂ ತಪ್ಪಾಗಿ ಹೇಳಿದರು.

ಸೊಸೆ ನನಗಿಂತ ಚುರುಕು. "ಅತ್ತೆ, ಇದನ್ನ ಕೊಟ್ರೆ ಬೇಲಿ ಹಾಕಿದವನೇ ಗೆಲ್ತಾನೆ. ಇವರಿಗೆ ಬೇರೆ ದಾರಿ ಇದೆ ಅಂತ ನಾವೇ ಬರ್ದು ಕೊಟ್ಟ ಹಾಗಾಗ್ತದೆ. ಅದ್ರಲ್ಲೂ ಒಂದು ಪ್ರತಿ ಅವನ ಕೈಗೇ."

ವಿಚಾರಣೆಗೆ ಮೂರು ದಿನ ಇತ್ತು.

ಬಾಗಿಲಲ್ಲಿ ನಿಂತಿದ್ದ ಮಗ, "ನಾ ಆಗಲೇ ಹೇಳಿದ್ದೆ," ಎಂದ. ಏನು ಹೇಳಿದ್ದ ಎಂದು ಅವನಿಗೂ ಗೊತ್ತಿರಲಿಲ್ಲ.

ಮೊಮ್ಮಗಳು ನಕ್ಷೆಯಿಂದ ಕೈ ತೆಗೆದು, "ಹೋಗ್ಲಿ ಬಿಡಿ ಅಜ್ಜಿ. ಈ ವರ್ಷ ಹೊಲಿಗೆ ಕಲೀತೀನಿ," ಎಂದಳು.

"ಬಾಯಿ ಮುಚ್ಚು," ಎಂದೆ. "ಇನ್ನೊಂದ್ಸಲ ಆ ಮಾತು ಆಡಿದ್ರೆ ನಿನ್ನ ಬಾಯೇ ಹೊಲೀತೀನಿ."

ಸೊಸೆ ಮೂರೂ ಹಾಳೆ ಎತ್ತಿಕೊಂಡಳು. "ಇವನ್ನ ಎಂತ ಮಾಡೋದು? ದೊಡ್ಡ ಹಾಳೆ, ಹಪ್ಪಳ ಒಣಗಿಸಕ್ಕೆ ಆಗ್ತಿತ್ತು. ಮಸಿ ಹತ್ತತ್ತೆ ಹಾಳಾದ್ದು."

"ಹಿಂದಿನ ಬದಿ ಖಾಲಿ ಇದೆ, ಇಡು," ಎಂದೆ. ಊಟ ಮಾಡಿ ಮಲಗಿದೆವು.

ಬೆಳಿಗ್ಗೆ ಎದ್ದು ಗಂಜಿ ಇಟ್ಟು ಮೂರೂ ಮನೆಗೆ ಹೋಗಿ ಕೂಗಿದೆ: ಸಂಕ ಹಾಕಬೇಕು, ಬನ್ನಿ. ಮೇಲಿನ ಮನೆಯ ಮುದುಕ ಹಲ್ಲುಜ್ಜುತ್ತ ಹೊರಗೆ ಬಂದ.

"ಮಳೆಗೆ ಇನ್ನೂ ಇಪ್ಪತ್ತು ದಿನ ಇದ್ಯಲ್ಲೇ. ನಿಂಗೊಬ್ಳಿಗೆ ರಾತ್ರಿನೇ ಹೊಳೆ ಬಂತಾ?"

"ಹೂಂ, ಬಂತು. ನಿನ್ನ ಮನೆ ಮರ ನೀನು ಎತ್ತಕ್ಕೆ ಬರ್ತೀಯೋ, ನಾ ಎತ್ಲೋ?"

ಬೈಯುತ್ತಲೇ ಬಂದ. ಎಲ್ಲರೂ ಬಂದರು. ಕೊನೆಗೆ ನನ್ನ ಮಗನೂ ಬಂದ. ಮತ್ತಿಮರದ ಕೆಳಗಿಂದ ನಾಲ್ಕೂ ಮರ ಹೊತ್ತು ತಂದೆವು. ಗಂಡಸರು ಒಣ ಹಳ್ಳದಲ್ಲಿಳಿದು ಆಚೆ ತುದಿಯನ್ನು ತಂತಿಯ ಕೆಳಗಿನಿಂದ ಒಳಗೆ ನೂಕಿದರು. ಆ ದಡದಲ್ಲಿ, ನನ್ನ ಮಾವನ ಕಾಲದಿಂದ ಮರ ಕೂತು ಕೂತು ಆದ ನಾಲ್ಕು ಗುಂಡಿಗಳಿವೆ. ಬೇಲಿಯಿಂದ ಒಳಕ್ಕೆ ಒಂದು ಮಾರು. ತರಗೆಲೆ ಕೆದಕಿದರೆ ಕಂಡವು. ಹೋಂಸ್ಟೇಯವನು ಅವನ್ನು ಮುಚ್ಚಿಸಿರಲಿಲ್ಲ, ಅವು ಏನೆಂದೇ ಅವನಿಗೆ ಗೊತ್ತಿರಲಿಲ್ಲ. ನಾಲ್ಕು ಮರವೂ ನಾಲ್ಕು ಗುಂಡಿಯಲ್ಲಿ ಅಲುಗದೆ ಕೂತವು.

ಸದ್ದಿಗೆ ಅವನು ಚಡ್ಡಿಯಲ್ಲೇ ಓಡಿ ಬಂದ. "ಏನಮ್ಮಾ ಇದು? ಇದು ಟ್ರೆಸ್‌ಪಾಸ್ ಆಗುತ್ತೆ!"

"ನಿಮ್ಮ ತಂತಿ ಮುಟ್ಟಿಲ್ಲ. ಬೇಕಾದ್ರೆ ಎಳೆದು ನೋಡ್ಕೊಳ್ಳಿ. ಈ ಗುಂಡಿ ನಿಮ್ಮ ಯಾವ ಗೆಸ್ಟ್ ತೋಡಿದ್ದು, ಅದೊಂದು ಹೇಳಿ."

ಸಂಕದ ಮೇಲೆ ಕೂತು, ಮೊಮ್ಮಗಳ ಫೋನಿನಲ್ಲಿ ನಮ್ಮ ಗ್ರಾಮಲೆಕ್ಕಿಗರಿಗೆ, ಅದೇ ವಿ.ಎ.ಗೆ, ಮಾತಾಡಿದೆ. ಬಂದು ಸ್ಥಳ ನೋಡಿ, ನಾಲ್ಕು ಜನರ ಎದುರಿಗೆ ಗುಂಡಿ ಎಲ್ಲಿದೆ, ಬೇಲಿ ಎಲ್ಲಿದೆ ಎಂದು ಬರೆದುಕೊಳ್ಳಿ, ವಿಚಾರಣೆಗೆ ನಕ್ಷೆಯ ಬದಲು ನಮ್ಮ ಕಾಗದ ಅದೇ ಎಂದೆ.

"ಹೇಗೂ ವಿಚಾರಣೆಗೆ ಕಚೇರಿಗೇ ಬರ್ತೀರಲ್ಲ ಅಜ್ಜಿ, ಅಲ್ಲೇ ಹೇಳಿ."

"ನಾ ಬರ್ತೀನಿ. ಗುಂಡಿ ಬರಲ್ಲ. ನೀವು ಬರೋ ತನಕ ನಾನು ಸಂಕದ ಮೇಲಿಂದ ಏಳಲ್ಲ."

ಹತ್ತು ಗಂಟೆಗೆ ಬರುತ್ತೇನೆ ಎಂದರು. ಉಳಿದವರು ಬಿದಿರು ಕಟ್ಟಿ ಮುಗಿಸಿದರು. ಸೊಸೆ ಗಂಜಿಯನ್ನು ಅಲ್ಲಿಗೇ ತಂದು ಕೊಟ್ಟಳು. ಹೋಂಸ್ಟೇಯ ಗೆಸ್ಟ್‌ಗಳು ಮೇಲೆ ನಿಂತು ನನ್ನ ಫೋಟೋ ತೆಗೆದುಕೊಂಡರು. ವಿ.ಎ. ಬಂದಾಗ ಹನ್ನೆರಡು ದಾಟಿತ್ತು. ಬಂದವರಿಗೆ ನನ್ನ ಪಕ್ಕದ ಮರ ತೋರಿಸಿ, ಮೊದಲು ಈ ದಡದಿಂದ ಆ ದಡಕ್ಕೆ ನಡೆದು ನೋಡಿ, ಆಮೇಲೆ ಬರೆಯಿರಿ ಎಂದೆ. ನಡೆದರು. ಬೇಲಿ ಎದೆಗೆ ತಾಗಿದಲ್ಲಿ ನಿಂತು ಪೆನ್ನು ತೆಗೆದರು.